ಒಳಚಿಲಕದ ಹೆಲ್ಮೆಟ್ಟು

ಆ ಮನೆಯ ನಡುಮನೆಗೆ ಕಾಲಿಟ್ಟವರಿಗೆ ಯಜಮಾನನ ಚರಿತ್ರೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೂಲೆಯಲ್ಲಿರುವ ಟ್ರೆಡ್‌ಮಿಲ್ಲು ಅವನು ಓಡುತ್ತೇನೆಂದು ಹೊರಟ ವರ್ಷದ್ದು. ಈಗ ಅದರ ಮೇಲೆ ಟವೆಲ್ಲುಗಳು ಒಣಗುತ್ತವೆ. ಗೋಡೆಯ ಮೇಲಿನ ಗಿಟಾರು ಹಾಡುತ್ತೇನೆಂದ ವರ್ಷದ್ದು. ಅದರ ಒಂದು ತಂತಿ ಈಗ ಬಾಲ್ಕನಿಯ ಬಳ್ಳಿಗೆ ಆಸರೆಯಾಗಿದೆ. ಟಿವಿಯ ಕೆಳಗಿನ ಗಾಜಿನ ತೊಟ್ಟಿ ಮೀನು ಸಾಕುತ್ತೇನೆಂದ ವರ್ಷದ್ದು. ಹನ್ನೆರಡರಲ್ಲಿ ಉಳಿದ ಒಂದೇ ಒಂದು ಮೀನು ಯಾರ ಮೇಲೋ ಹಟ ಸಾಧಿಸಲೆಂಬಂತೆ ಬದುಕಿದೆ. ಹವ್ಯಾಸ ಹುಟ್ಟಿಸುವುದು ಗಂಡನ ಪಾಲು. ಅದು ಸತ್ತ ಮೇಲೆ ಧೂಳು ಒರೆಸುವುದು, ನೀರು ಬದಲಿಸುವುದು ಹೆಂಡತಿಯ ಪಾಲು. ಹೀಗೆಂದು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಮನೆಗೆಲಸ ಹಂಚಿಕೆಯಾಗುವುದು ನೀರು ಹರಿದಂತೆ, ಇಳಿಜಾರು ಯಾವ ಕಡೆಗಿದೆಯೋ ಆ ಕಡೆಗೆ.

ಗಂಡ ವಿಮಾ ಕಚೇರಿಯಲ್ಲಿ ಗುಮಾಸ್ತ. ಅವನನ್ನು ಆರಂಭಶೂರ ಎಂದು ಮೊದಲು ಕರೆದದ್ದು ಅವನ ಹೆತ್ತ ತಾಯಿಯೇ. ಹೆಂಡತಿಯನ್ನು ಬೀದಿಯವರೆಲ್ಲ ಸೂಜಿಯಕ್ಕ ಎನ್ನುತ್ತಾರೆ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಜನರ ತೋಳಿಗೆ ಸೂಜಿ ಚುಚ್ಚಿದವಳು. ಎಂಥ ಅಡಗಿದ ನರವಾದರೂ ಒಂದೇ ಏಟಿಗೆ ಸಿಗಬೇಕು. "ಆಯ್ತಾ? ಚುಚ್ಚಿದ್ದೇ ಗೊತ್ತಾಗ್ಲಿಲ್ಲ" ಎಂದು ದೊಡ್ಡ ಮೀಸೆಯವರು ಕಣ್ಣು ಬಿಡುವಷ್ಟರಲ್ಲಿ ಅವಳು ಹತ್ತಿ ಒತ್ತಿ ಪಟ್ಟಿ ಅಂಟಿಸಿರುತ್ತಾಳೆ.

ಹುಡುಕುವುದರಲ್ಲಿ ಅವಳ ಕೈ ಪಳಗಿದ್ದು ಲ್ಯಾಬಿನಲ್ಲೇ ಎಂದುಕೊಳ್ಳಬೇಡಿ. ಮನೆಯಲ್ಲಿ ಅದಕ್ಕಿಂತ ದೊಡ್ಡ ತಾಲೀಮು ನಡೆಯುತ್ತದೆ. "ಏನೇ, ನನ್ನ ಕನ್ನಡಕ ಎಲ್ಲಿದೆ?" "ನೈಲ್ ಕಟರ್ ಎಲ್ಲಿದೆ?" "ಉಪ್ಪಿನ ಡಬ್ಬಿ ಎಲ್ಲಿದೆ?" ಡಬ್ಬಿಯೇನೋ ಹದಿನೆಂಟು ವರ್ಷದಿಂದ ಒಂದೇ ಕಡೆ, ಒಲೆಯ ಬಲಕ್ಕೆ, ತಪಸ್ಸಿಗೆ ಕೂತಂತೆ ಕೂತಿದೆ. ಕೇಳುವವನ ಕಣ್ಣಿಗೆ ಬಿದ್ದಿಲ್ಲ, ಅಷ್ಟೆ.

ನಾಲ್ಕು ವರ್ಷದ ಹಿಂದೆ ಅವನು ಕಿಕ್ ಹೊಡೆದು ಎಬ್ಬಿಸಬೇಕಾದ ಒಂದು ಹಳೆಯ, ಗತ್ತಿನ ಬೈಕು ತಂದ. ಅದರ ಜೊತೆ ಹೆಲ್ಮೆಟ್ಟು, ಹೆಲ್ಮೆಟ್ಟಿನ ಗಲ್ಲಕ್ಕೆ ಅಂಟಿಸುವ ಬೆಂಕಿಪೊಟ್ಟಣದಷ್ಟು ಕ್ಯಾಮೆರಾ, ಮಾತಾಡಿದರೆ ಹಿಡಿದುಕೊಳ್ಳಲು ಕೆನ್ನೆಯ ಬಳಿ ಒಂದು ಪುಟ್ಟ ಮೈಕು. ಊರೂರು ಸುತ್ತಿ ವಿಡಿಯೋ ಮಾಡಿ ಲೋಕಪ್ರಸಿದ್ಧನಾಗುವುದು ಯೋಜನೆ. ಹತ್ತಿದ್ದು ಮೂರು ಸಲ. ಮೊದಲ ಸಲ ಗೇಟಿಗೆ ಗುದ್ದಿ ಬೀಳಿಸಿದ. ಎರಡನೇ ಸಲ ನಿಂತಲ್ಲೇ ಬೀಳಿಸಿದ. ಮೂರನೇ ಸಲ ಸ್ಟ್ಯಾಂಡಿಗೆ ಎಳೆಯುವಾಗ ಸೊಂಟ ಹಿಡಿದುಕೊಂಡಿತು. ಬೈಕಿಗೆ ಹೊದಿಕೆ ಬಿತ್ತು, ಸೊಂಟಕ್ಕೆ ಬಿಸಿನೀರಿನ ಚೀಲ ಬಂತು. ಎರಡನ್ನೂ ನೋಡಿಕೊಂಡಿದ್ದು ಯಾರೆಂದು ಹೇಳಬೇಕಾಗಿಲ್ಲ.

ಆರು ತಿಂಗಳು ಬೈಕಿನ ಧೂಳು ಒರೆಸಿದ ಮೇಲೆ ಒಂದು ದಿನ ಸೂಜಿಯಕ್ಕ ಕೀ ತಿರುಗಿಸಿದಳು. ಮದುವೆಗೆ ಮುಂಚೆ ಅಪ್ಪನ ಬೈಕಿನಲ್ಲಿ ಮನೆಮನೆಗೆ ಪತ್ರಿಕೆ ಎಸೆದ ಕಾಲು ಅದು, ಕಿಕ್ ಮರೆತಿರಲಿಲ್ಲ. ಮೂರನೇ ಏಟಿಗೆ ಬೈಕು ಕೆಮ್ಮಿ ಎದ್ದಿತು. ಅಂದಿನಿಂದ ಭಾನುವಾರ ಬೆಳಿಗ್ಗೆ ಐದೂವರೆಯಿಂದ ಎಂಟರವರೆಗೆ ಅವಳು ಮನೆಯಲ್ಲಿರುವುದಿಲ್ಲ.

ಈ ಎರಡೂವರೆ ಗಂಟೆಯನ್ನು ಯಾರೂ ಅವಳಿಗೆ ಕೊಟ್ಟಿದ್ದಲ್ಲ. ಶನಿವಾರವೇ ತರಕಾರಿ ಹೆಚ್ಚಿ, ಹಿಟ್ಟು ಕಲಸಿ, ಅತ್ತೆಯ ಮಾತ್ರೆಗಳನ್ನು ಬೆಳಿಗ್ಗೆಯದು ಬೇರೆ ರಾತ್ರಿಯದು ಬೇರೆ ಎಂದು ಡಬ್ಬಿಗೆ ತುಂಬಿ, ಫ್ಲಾಸ್ಕಿಗೆ ಟೀ ಹಾಕಿಟ್ಟು ಅವಳೇ ಹೊಂದಿಸಿಕೊಂಡದ್ದು.

ಹೆಲ್ಮೆಟ್ಟು ಹಾಕಿಕೊಂಡ ಮೊದಲ ದಿನವೇ ಅವಳಿಗೊಂದು ಸತ್ಯ ತಿಳಿಯಿತು. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ ಆ ಮನೆಯಲ್ಲಿ ಇದೊಂದೇ. ಸ್ನಾನದ ಮನೆಗೂ ಚಿಲಕವಿತ್ತು, ಆದರೆ ಅದರ ಬಾಗಿಲು ಬಡಿದು "ಟವೆಲ್ ಎಲ್ಲಿದೆ?" ಎಂದು ಕೇಳಬಹುದಿತ್ತು. ಅರವತ್ತರ ವೇಗದಲ್ಲಿ ಹೋಗುತ್ತಿರುವ ಹೆಲ್ಮೆಟ್ಟನ್ನು ಯಾರು ಬಡಿಯುತ್ತಾರೆ? ಹಾಗಾಗಿ ಅವಳು ಒಳಗೆ ಕೂತು ಮಾತಾಡತೊಡಗಿದಳು. ಮೊದಮೊದಲು ವಾರದ ಕೆಲಸದ ಪಟ್ಟಿ: ಗ್ಯಾಸು, ಮಾತ್ರೆ, ಮೀನಿನ ನೀರು. ತಲೆಯಲ್ಲಿ ಹೊತ್ತುಕೊಂಡು ತಿರುಗುವ ಬದಲು ಮೈಕಿಗೆ ಹೇಳಿಬಿಟ್ಟರೆ ಸೋಮವಾರ ಕೇಳಿ ಬರೆದುಕೊಳ್ಳಬಹುದು. ಪಟ್ಟಿಯ ನಡುನಡುವೆ ಬೈಗುಳ ಸೇರಿಕೊಂಡಿತು. ಆಮೇಲೆ ಬೈಗುಳದ ನಡುನಡುವೆ ಪಟ್ಟಿ ಬರತೊಡಗಿತು.

ವಿಡಿಯೋ ಕೂಡಿಸುವ ಕೆಲಸ ಲ್ಯಾಬಿನಲ್ಲಿ. ರಕ್ತದ ಟ್ಯೂಬುಗಳನ್ನು ಗಿರಗಿರ ತಿರುಗಿಸುವ ಯಂತ್ರ ಒಂದು ಸಲಕ್ಕೆ ಹತ್ತು ನಿಮಿಷ ತೆಗೆದುಕೊಳ್ಳುತ್ತದೆ. ಆ ಹತ್ತು ನಿಮಿಷ ಅವಳ ಸ್ಟುಡಿಯೋ. ಮೊಬೈಲನ್ನು ಟ್ಯೂಬಿನ ಸ್ಟ್ಯಾಂಡಿಗೆ ಒರಗಿಸಿ, ಎರಡೂವರೆ ಗಂಟೆಯ ಓಟವನ್ನು ಎಂಟು ನಿಮಿಷಕ್ಕೆ ಇಳಿಸುತ್ತಾಳೆ. ಸಿಗ್ನಲಿನಲ್ಲಿ ನಿಂತದ್ದು ಕತ್ತರಿಸು, ನಾಯಿ ಅಟ್ಟಿಸಿಕೊಂಡು ಬಂದದ್ದು ಇಟ್ಟುಕೋ, ಹೊಳೆಯ ಸೇತುವೆಯ ಮಂಜು ಪೂರ್ತಿ ಬಿಡು. ಗಾಳಿಯ ಬುಸುಗುಟ್ಟುವಿಕೆ ತಡೆಯಲು ಕ್ಯಾಮೆರಾದ ಕಿವಿಗೆ ಲ್ಯಾಬಿನ ಹತ್ತಿಯನ್ನೇ ಅಂಟಿಸಿದ್ದಾಳೆ. ವಿಡಿಯೋದ ಕೆಳಗೆ ಸಾಲಾಗಿ ಮೂರು ಪಟ್ಟಿ: ಮೇಲಿನದು ಬೈಕಿನ ಸದ್ದು, ನಡುವಿನದು ಅವಳ ಮಾತು, ಕೆಳಗಿನದು ಹಾಡು. ನಡುವಿನ ಪಟ್ಟಿ ಕೇಳಿ, ಕೆಲಸ ಬರೆದುಕೊಂಡು, ನಕ್ಕು, ಪಟ್ಟಿಯ ತುದಿಯ ಸ್ಪೀಕರ್ ಗುರುತು ಒತ್ತಿದರೆ ಆಯಿತು, ದನಿ ಬಂದ್.

ಹೀಗೆ ಬಾಯಿಲ್ಲದ ಅವಳ ಚಾನೆಲ್ಲಿಗೆ ಮುನ್ನೂರ ಹನ್ನೆರಡು ಮಂದಿ ಅಂಟಿಕೊಂಡಿದ್ದರು. ಜಾಕೆಟ್ಟು, ಕೈಗವಸು, ತಿರುವಿನಲ್ಲಿ ಹೆದರದ ಬೈಕು ಇಷ್ಟೇ ಕಾಣುತ್ತಿದ್ದುದರಿಂದ ಎಲ್ಲರೂ ಅವಳನ್ನು 'ಬ್ರೋ' ಎನ್ನುತ್ತಿದ್ದರು. "ಬ್ರೋ, ಸೇತುವೆ ಮೇಲಿನ ಶಾಟ್ ಬೆಂಕಿ!" "ಬ್ರೋ, ಮನೇಲಿ ಅತ್ತಿಗೆ ಬಿಡ್ತಾರಾ ಪ್ರತಿ ವಾರ?" ಸೂಜಿಯಕ್ಕ ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದಳು.

ಹೀಗಿರುವಾಗ ಗಂಡನಿಗೆ ಆಕಾಶದ ಮೇಲೆ ಕಣ್ಣು ಬಿತ್ತು.

"ದುರ್ಬೀನು ತಗೋತಿದೀನಿ ಕಣೇ," ಎಂದ ಗುರುವಾರ ಸಂಜೆ. "ದೊಡ್ಡದು. ಶನಿಗ್ರಹದ ಬಳೆ ಕಾಣತ್ತಂತೆ."

"ಒಲೆ ಪಕ್ಕದ ಉಪ್ಪು ಮೊದಲು ಕಾಣ್ಲಿ," ಎಂದರು ಅತ್ತೆ, ತಮ್ಮ ಕುರ್ಚಿಯಿಂದ. ಅವರಿಗೆ ಕಿವಿ ಮಂದ ಎಂದು ಪ್ರತೀತಿ.

"ಇಡೋದೆಲ್ಲಿ?" ಎಂದಳು ಸೂಜಿಯಕ್ಕ.

"ಬೈಕ್ ನಿಲ್ಸೋ ಜಾಗದಲ್ಲಿ. ಬೈಕ್ ಮಾರ್ತಿದೀನಲ್ಲ, ಹೇಳ್ಲಿಲ್ವಾ? ಭಾನುವಾರ ಹತ್ತು ಗಂಟೆಗೆ ಕನ್ನಡಕದಂಗಡಿಯವನು ಬರ್ತಾನೆ."

ಸೂಜಿಯಕ್ಕನ ಕೈಯಲ್ಲಿದ್ದ ತಟ್ಟೆ ಬೀಳಲಿಲ್ಲ. ಅವಳ ಕೈಯಿಂದ ಯಾವುದೂ ಬೀಳುವುದಿಲ್ಲ. "ನಾನು ಓಡಿಸ್ತೀನಲ್ಲ ರೀ ಅದನ್ನ," ಎಂದಳು.

"ನೀನು? ವಾರಕ್ಕೊಂದು ರೌಂಡು ಹೊಡೀತೀಯ. ಅದಕ್ಕೆ ನಿನ್ನ ಸ್ಕೂಟರ್ ಸಾಕಪ್ಪ." ಅವನ ದನಿಯಲ್ಲಿ ಕೆಡುಕೇನೂ ಇರಲಿಲ್ಲ, ನಿಜವಾಗಿ ಹಾಗೇ ಅಂದುಕೊಂಡಿದ್ದ. "ಹಾಂ, ಒಂದು ಕೆಲಸ ಮಾಡು. ಬೈಕ್ ಓಡೋದು ತೋರಿಸೋಕೆ ಒಂದು ಆರು ನಿಮಿಷದ ವಿಡಿಯೋ ಮಾಡ್ಕೊಡು. ಹಿಂದೆ ಒಳ್ಳೆ ಹಾಡು ಹಾಕು. ನಿಂಗೆ ಅದೆಲ್ಲ ಬರತ್ತಲ್ಲ."

ಕೊಡಲಿಗೆ ಕಾವು ಮರದಿಂದಲೇ ಬರಬೇಕು ಎನ್ನುತ್ತಾರೆ. ಬೇಡವೆನ್ನಬಹುದಿತ್ತು, ಕೆಟ್ಟದಾಗಿ ಮಾಡಿಕೊಡಬಹುದಿತ್ತು. ಆದರೆ ಸೂಜಿಯಕ್ಕನ ದೊಡ್ಡ ರೋಗವೆಂದರೆ ಕೆಟ್ಟದಾಗಿ ಮಾಡಲು ಬರದಿರುವುದು. ಶುಕ್ರವಾರವೂ ಶನಿವಾರವೂ ಯಂತ್ರ ತಿರುಗುವಷ್ಟು ಹೊತ್ತು ಕೂತು ಮೂರೂವರೆ ವರ್ಷದ ಭಾನುವಾರಗಳಿಂದ ಒಳ್ಳೊಳ್ಳೆಯ ತುಂಡುಗಳನ್ನೇ ಆರಿಸಿದಳು. ಮಂಜಿನ ಸೇತುವೆ, ಗುಡ್ಡದ ತಿರುವು, ಕೆರೆಯ ಏರಿ. ಸ್ವಂತ ಮಗುವನ್ನು ದತ್ತು ಕೊಡಲು ತಲೆ ಬಾಚಿ ಪೌಡರು ಹಚ್ಚಿದ ಹಾಗೆ.

ಶನಿವಾರ ಕೊನೆಯ ಕೆಲಸ ಉಳಿದಿತ್ತು, ನಡುವಿನ ಪಟ್ಟಿಯ ದನಿ ಬಂದ್ ಮಾಡುವುದು. ಅಷ್ಟರಲ್ಲಿ ಯಂತ್ರ ಕಿರುಚಿತು, ಒಳಗಿನಿಂದ ಡಾಕ್ಟರು "ಸೂಜಿಯಕ್ಕಾ, ಆ ಸಕ್ಕರೆ ರಿಪೋರ್ಟು ಎಲ್ಲಿದೆ?" ಎಂದರು. ಅವಳ ಕೈಯಲ್ಲಿ ರಬ್ಬರು ಗವಸು. ಗವಸಿನ ಬೆರಳಿಗೆ ಮೊಬೈಲು ಒಮ್ಮೆ ಓಗೊಡುತ್ತದೆ, ಒಮ್ಮೆ ಓಗೊಡದು. ಸ್ಪೀಕರ್ ಗುರುತು ಒತ್ತಿದಳು. ಏನೂ ಆದಂತೆ ಕಾಣಲಿಲ್ಲ. ಮತ್ತೆ ಒತ್ತಿದಳು. ಮೊದಲನೆಯ ಒತ್ತಿಗೆ ಬಂದ್ ಆಗಿದ್ದ ದನಿ ಎರಡನೆಯದಕ್ಕೆ ತೆರೆದುಕೊಂಡಿತು. ಅದನ್ನವಳು ನೋಡಲಿಲ್ಲ. ವಿಡಿಯೋ ಪೆನ್‌ಡ್ರೈವಿಗೆ ಇಳಿಸಿ ಚೀಲಕ್ಕೆ ಹಾಕಿದಳು. ಬೇರೆ ದಿನವಾದರೆ ಊಟದ ಹೊತ್ತಿಗೆ ಒಂದು ಸಲ ಪೂರ್ತಿ ನೋಡುತ್ತಿದ್ದಳು. ಅಂದು ನೋಡುವುದು ಅವಳಿಂದಾಗಲಿಲ್ಲ.

ಭಾನುವಾರ ಐದೂವರೆಗೆ ಎಚ್ಚರವಾಯಿತು. ಗಂಡ ಮಗ್ಗುಲಾಗಿ, "ಇವತ್ತು ಬೈಕ್ ತೆಗೀಬೇಡ ಕಣೇ, ತೊಳೆದಿದ್ದೆಲ್ಲ ಹಾಳಾಗತ್ತೆ," ಎಂದ. ಹಿಂದಿನ ಸಂಜೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಚೈನಿನ ಕೊಂಡಿ ಕೊಂಡಿ ಉಜ್ಜಿ ತೊಳೆದವಳು ಅವಳೇ. ಎದ್ದು ಅಡುಗೆಮನೆಗೆ ಹೋದಳು. ಮಾಡಲು ಏನೂ ಇರಲಿಲ್ಲ, ಎಲ್ಲ ಶನಿವಾರವೇ ಮುಗಿಸಿಬಿಟ್ಟಿದ್ದಳು. ಅದಕ್ಕೇ ಸಿಟ್ಟು ಬಂದು ಒಲೆಯನ್ನು ಎರಡು ಸಲ ಒರೆಸಿದಳು.

ಹತ್ತಕ್ಕೆ ಸರಿಯಾಗಿ ಕನ್ನಡಕದಂಗಡಿಯವನು ಬಂದ. ಸಣ್ಣ ಮೈಯ, ದಪ್ಪ ಗಾಜಿನ ಮನುಷ್ಯ. ಬೈಕಿನ ದೀಪವನ್ನೂ ರೋಗಿಯ ಕಣ್ಣೆಂಬಂತೆ ಬಗ್ಗಿ ನೋಡಿದ. ಗಂಡ ಪುಷ್ಪಕ ವಿಮಾನ ಮಾರುವವನ ಗತ್ತಿನಲ್ಲಿದ್ದ.

"ನಾಲ್ಕು ವರ್ಷದಿಂದ ನಂದೊಂದೇ ಕೈ, ನೋಡಿ. ಇನ್ನೊಬ್ಬರು ಮುಟ್ಟಿಲ್ಲ. ಒಂದ್ಸಲನೂ ಬಿದ್ದಿಲ್ಲ. ಚೈನಿಗೆ ಎಣ್ಣೆ ಹಾಕೋದೂ ನಾನೇ."

"ಓಡಿಸಿ ನೋಡಬಹುದಾ ಸಾರ್?"

"ಅಯ್ಯೋ, ಆಮೇಲೆ ಓಡಿಸೋದು ಇದ್ದೇ ಇದೆ. ಮೊದಲು ಬನ್ನಿ, ದೊಡ್ಡ ಪರದೆ ಮೇಲೆ ತೋರಿಸ್ತೀನಿ. ನಾನೇ ತೆಗೆದಿದ್ದು."

ಮೇಜಿನ ಮೇಲೆ ಮಾಲೀಕರ ಹೆಸರು ಬದಲಾಯಿಸುವ ಅರ್ಜಿ ಸಿದ್ಧವಾಗಿತ್ತು. ಮಾರುವವರ ಕಡೆ ಗಂಡ ಆಗಲೇ ಸಹಿ ಹಾಕಿದ್ದ. ಆರಂಭದ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಕೊಳ್ಳುವವರ ಕಡೆ ಖಾಲಿ. ಸೂಜಿಯಕ್ಕ ಬಂದು ಪೆನ್‌ಡ್ರೈವನ್ನು ಟಿವಿಯ ಹಿಂದೆ ಚುಚ್ಚಿ, ಹಾಡು ಶುರುವಾದದ್ದು ಕೇಳಿ, ಟೀ ಸೋಸಲು ಒಳಗೆ ಹೋದಳು. ಅತ್ತೆ ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದರು.

ಲೋಟಕ್ಕೆ ಟೀ ಬೀಳುತ್ತಿರುವಾಗ ನಡುಮನೆಯಿಂದ ಯಾರೋ ಹೆಂಗಸು ಮಾತಾಡಿದಳು.

"ಏಳೋ ಮುದುಕಪ್ಪ, ಏಳು. ನಾಲ್ಕು ಒದೆ ಬೀಳದೆ ಏಳಲ್ಲ ನೀನು, ಥೇಟ್ ನಮ್ಮನೇವ್ರ ಥರ."

ಸೂಜಿಯಕ್ಕ ಸೋಸುಪಾತ್ರೆಯನ್ನು ಹಾಗೇ ಹಿಡಿದು ನಿಂತಳು. ಯಾರ ದನಿಯೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ತನ್ನ ದನಿ ಅಷ್ಟು ಗಟ್ಟಿಯಾಗಿ ಆ ಮನೆಯಲ್ಲಿ ಎಂದೂ ಕೇಳಿದ್ದಿಲ್ಲ.

"ಮೂರನೇ ಗೇರಿಗೆ ಹಾಕಿದ ಕೂಡಲೇ ಕೆಮ್ಮು. ಕೆಮ್ಮದೆ ಏನು ಮಾಡ್ತೀಯ ಪಾಪ, ಎರಡು ಸಲ ಬೀಳ್ಸಿದ್ರೆ! ಒಂದ್ಸಲ ಗೇಟಿಗೆ ಗುದ್ದಿ. ಇನ್ನೊಂದ್ಸಲ ನಿಂತಲ್ಲೇ. ನಿಂತ ಬೈಕನ್ನ ಬೀಳ್ಸೋ ಮಹಾನುಭಾವರನ್ನ ನೋಡೇ ಇರ್ಲಿಲ್ಲಪ್ಪ ನಾನು. ಗ್ಯಾಸ್ ಬುಕ್ ಮಾಡ್ಬೇಕು."

ಹಿಂದೆ ಹಾಡು ಇಂಪಾಗಿ ಹರಿಯುತ್ತಿತ್ತು.

"ಇದು... ಇದು ಯಾರದೋ ಬೇರೆ ವಿಡಿಯೋ," ಎಂದ ಗಂಡ. "ಏನೇ! ರಿಮೋಟ್ ಎಲ್ಲಿದೆ?"

ಸೂಜಿಯಕ್ಕ ಅಡುಗೆಮನೆಯ ಬಾಗಿಲಿಗೆ ಬಂದಳು. ರಿಮೋಟ್ ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಅತ್ತೆಯ ಶಾಲಿನ ಅಂಚಿನಿಂದ ಅದರ ಕಪ್ಪು ಮೂತಿ ಇಣುಕುತ್ತಿತ್ತು. ಹದಿನೆಂಟು ವರ್ಷದಲ್ಲಿ ಆ ಪ್ರಶ್ನೆಗೆ ಅವಳ ಬಾಯಿ ತಾನಾಗಿ ಉತ್ತರ ಹೇಳಿಬಿಡುತ್ತಿತ್ತು. ಕೇಳುವುದಕ್ಕೂ ಹೇಳುವುದಕ್ಕೂ ನಡುವೆ ಉಸಿರಿನಷ್ಟೂ ಎಡೆಯಿರಲಿಲ್ಲ. ಈಗಲೂ ಬಾಯಿ ತೆರೆದಳು.

"ಗೊತ್ತಿಲ್ಲ ರೀ," ಎಂದಳು.

ಗಂಡ ಬೆಚ್ಚಿ ನೋಡಿದ. ಮನೆಯ ಕಂಬವೇ ರಜೆ ಕೇಳಿದಂತಾಯಿತು ಅವನಿಗೆ. "ಅಮ್ಮಾ, ರಿಮೋಟ್!"

"ಹಾಂ? ರಾಗಿ ರೊಟ್ಟಿನಾ?" ಎಂದರು ಅತ್ತೆ, ಶಾಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡು.

ಅವನು ಟಿವಿಯ ಹಿಂದೆ ಕೈ ಹಾಕಿ ತಡಕಿದ. ಪೆನ್‌ಡ್ರೈವ್ ಯಾವ ಪಕ್ಕ ಚುಚ್ಚುತ್ತಾರೆಂದು ಅವನಿಗೇನು ಗೊತ್ತು? ಕೈಗೆ ಸಿಕ್ಕಿದ್ದು ಧೂಳು. ಮೀನಿನ ತೊಟ್ಟಿ ಅಲುಗಾಡಿತು. ಒಂಟಿ ಮೀನು ಗಾಜಿಗೆ ಬಂದು ಬಾಯಿ ಬಿಟ್ಟು ನೋಡಿತು.

"ನಾಲ್ಕು ವರ್ಷಕ್ಕೆ ಮೂರು ಸಲ ಹತ್ತಿದಾರೆ," ಎಂದಿತು ದನಿ, ಬೈಕು ಗುಡ್ಡದ ತಿರುವಿನಲ್ಲಿ ಹದವಾಗಿ ವಾಲುತ್ತಿರುವಾಗ. "ಆಫೀಸಲ್ಲಿ ಮಾತ್ರ ನನ್ನ ಬೈಕು, ನನ್ನ ಬೈಕು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅನ್ನೋ ಹಾಗೆ, ಆಯಿಲ್ ಹಾಕ್ಸೋಳು ನಾನು, ಪಂಕ್ಚರ್ ನಂದು, ಹೆಸರು ಅವ್ರದು. ಅತ್ತೆ ಮಾತ್ರೆ ಇನ್ನಾರೇ ಇದೆ. ಅತ್ತೆಗೆ ಕಿವಿ ಕೇಳಲ್ವಂತೆ! ಬಟಾಣಿ ಬಿಡ್ಸಿ ಅಂದ್ರೆ ಕೇಳಲ್ಲ, ಫ್ರಿಜ್ ಬಾಗಿಲು ಕಿರ್ ಅಂದ್ರೆ ಪಕ್ಕದ ಬೀದಿಯಿಂದ ಕೇಳತ್ತೆ."

ಕನ್ನಡಕದಂಗಡಿಯವನು ಕೆಮ್ಮಿದ. ಮೂರನೇ ಗೇರಿನ ಕೆಮ್ಮಿಗೂ ಅದಕ್ಕೂ ಹೋಲಿಕೆಯಿತ್ತು. ಅತ್ತೆ ಮುಖ ಅಲ್ಲಾಡಿಸಲಿಲ್ಲ, ಶಾಲಿನೊಳಗಿನ ಕೈ ಮಾತ್ರ ಸ್ವಲ್ಪ ಅಲುಗಿತು. ಟಿವಿಯ ದನಿ ಎರಡು ಗೆರೆ ಹೆಚ್ಚಾಯಿತು.

ಪರದೆಯ ಮೇಲೆ ಕೆರೆಯ ಏರಿ ಬಂತು. ಬೈಕು ನಿಂತಿತು. ನೀರಿನ ಮೇಲೆ ಬೆಳಕು ಹರಡುತ್ತಿತ್ತು. ಹೆಲ್ಮೆಟ್ಟಿನೊಳಗಿನ ಉಸಿರಷ್ಟೇ ಕೇಳಿಸಿತು. ಆಮೇಲೆ ದನಿ ಮೆಲ್ಲಗೆ, ಯಾರ ಮೇಲೂ ದೂರಿಲ್ಲದೆ ಹೇಳಿತು:

"ಇನ್ನೂ ಒಂದು ಗಂಟೆ ಇದೆ. ಇನ್ನೊಂದು ಗಂಟೆ ಯಾರೂ ಏನೂ ಎಲ್ಲಿದೆ ಅಂತ ಕೇಳಲ್ಲ ನನ್ನ."

ಮತ್ತೆ ಒಂದು ನಗು. ಮದುವೆಯಾದ ಮೇಲೆ ಗಂಡ ಕೇಳದಿದ್ದ ನಗು. ಅವನ ಕೈ ಟಿವಿಯ ಹಿಂದೆಯೇ ನಿಂತುಬಿಟ್ಟಿತು. ವಿಡಿಯೋ ಮುಗಿಯಿತು.

ಕನ್ನಡಕದಂಗಡಿಯವನು ಗಾಜು ಒರೆಸಿ ಮತ್ತೆ ಹಾಕಿಕೊಂಡ. "ಒಂದೇ ಕೈ ಅಂದ್ರಲ್ಲ ಸಾರ್. ಯಾವ ಕೈ ಅಂತ ಹೇಳೋದು ಮರೆತ್ರಿ ನೀವು."

"ಅದು... ತಮಾಷೆಗೆ ಏನೋ ಅಂದಿರ್ತಾಳೆ..."

"ಬೈಕೇನೋ ಚೆನ್ನಾಗಿದೆ. ಆದ್ರೆ ನೀವು ಹೇಳಿದ್ದಕ್ಕಿಂತ ಅವರು ಬೈದಿದ್ದೇ ನಂಬಿಕೆ ಬರೋ ಹಾಗಿದೆ." ಅವನು ಎದ್ದ. ಬಾಗಿಲ ಬಳಿ ಸೂಜಿಯಕ್ಕನ ಕಡೆ ತಿರುಗಿ, "ಅಕ್ಕಾ, ಆ ಕೆಮ್ಮಿಗೆ ಕಾರ್ಬ್ಯುರೇಟರ್ ನೋಡ್ಸಿ. ನೀವಾಗಿ ಮಾರೋ ಕಾಲ ಬಂದ್ರೆ ಹೇಳಿ, ಬರ್ತೀನಿ," ಎಂದು ಮೆಟ್ಟಿಲಿಳಿದು ಹೋದ. ಟೀ ಕುಡಿಯಲಿಲ್ಲ.

ಗಂಡ ಇಂಗು ತಿಂದ ಮಂಗನಂತೆ ನಿಂತಿದ್ದ. "ಬೇಕಂತಲೇ ಮಾಡಿದ್ಯಲ್ಲ?"

"ಇಲ್ಲ ರೀ. ಗವಸು ಹಾಕ್ಕೊಂಡು ಒತ್ತಿದ್ದು ತಪ್ಪಾಯ್ತು," ಎಂದಳು ಅವಳು. ಅದು ನಿಜ. "ರಿಮೋಟ್ ವಿಷಯ ಮಾತ್ರ ಬೇಕಂತ." ಅದೂ ನಿಜ.

"ಮರ್ಯಾದೆ ಹೋಯ್ತು! ಹೆಂಡತಿಯಾಗಿ ಹೀಗೆಲ್ಲ ಬಯ್ಯೋದಾ ನೀನು?"

"ಇನ್ನೆಲ್ಲಿ ಬಯ್ಯಲಿ? ಮನೇಲಿ ಟೈಮೆಲ್ಲಿದೆ ಹೇಳಿ."

ಅವಳು ಟೀ ತಟ್ಟೆಯನ್ನು ಮೇಜಿನ ಮೇಲಿಟ್ಟಳು, ಅರ್ಜಿಯನ್ನು ಎಳೆದುಕೊಂಡಳು, ಲ್ಯಾಬಿನ ಪೆನ್ನು ತೆಗೆದಳು. ಟ್ಯೂಬಿನ ಚೀಟಿಗಳ ಮೇಲೆ ಸಾವಿರ ಜನರ ಹೆಸರು ತಪ್ಪಿಲ್ಲದೆ ಬರೆದ ಗುಂಡು ಅಕ್ಷರದಲ್ಲಿ, ಕೊಳ್ಳುವವರ ಕಡೆ ತನ್ನ ಹೆಸರು ಬರೆದು ಸಹಿ ಹಾಕಿದಳು. ಚುಚ್ಚಿದ್ದೇ ಗೊತ್ತಾಗಲಿಲ್ಲ ಗಂಡನಿಗೆ.

"ಏನ್ ಮಾಡ್ತಿದೀಯ? ಅದು ಮಾರೋಕೆ ಅಂತ..."

"ಮಾರಿದ್ರಲ್ಲ. ಸಹಿ ನಿಮ್ದೇ ಇದೆ."

"ದುಡ್ಡು?"

"ಹದಿನೆಂಟು ವರ್ಷದಿಂದ ಕಂತು ಕಟ್ತಾನೇ ಇದಾಳೆ, ಇನ್ನೇನೋ ನಿಂಗೆ ದುಡ್ಡು?" ಎಂದರು ಅತ್ತೆ. ಶಾಲಿನೊಳಗಿಂದ ರಿಮೋಟ್ ತೆಗೆದು ಮೇಜಿನ ಮೇಲಿಟ್ಟು, ಸೊಸೆಯ ಕಡೆ ತಿರುಗಿದರು. "ಬಟಾಣಿ ವಿಷಯ ಸುಳ್ಳು ಕಣಮ್ಮ. ಕೇಳ್ಸತ್ತೆ, ಮಾಡಲ್ಲ ಅಷ್ಟೆ."

ಹೆಸರು ಬದಲಾಗಿ ಬರಲು ತಿಂಗಳು ಹಿಡಿಯಿತು. ಬೈಕು ಅದಕ್ಕೆ ಕಾಯಲಿಲ್ಲ; ಮುಂದಿನ ಭಾನುವಾರ ಐದೂವರೆಗೆ ನಾಲ್ಕನೇ ಒದೆಗೆ ಎದ್ದಿತು. ಆ ಶನಿವಾರ ಸೂಜಿಯಕ್ಕ ತರಕಾರಿ ಹೆಚ್ಚಿಡಲಿಲ್ಲ. ಫ್ಲಾಸ್ಕಿಗೆ ಟೀಯೂ ಹಾಕಿಡಲಿಲ್ಲ. ಅತ್ತೆಯ ಮಾತ್ರೆಗಳನ್ನಷ್ಟೇ ಡಬ್ಬಿಗೆ ತುಂಬಿದಳು, ಅವು ತಮಾಷೆಯ ವಿಷಯವಲ್ಲ.

ಎಂಟಕ್ಕೆ ಹಿಂದಿರುಗಿ ಬೈಕು ನಿಲ್ಲಿಸುವಾಗ ಗಂಡ ಬಾಗಿಲಲ್ಲಿ ನಿಂತಿದ್ದ. ಕೂದಲಲ್ಲಿ ಹಿಟ್ಟೋ ಸಕ್ಕರೆಯೋ ಅಂಟಿತ್ತು. ಅಡುಗೆಮನೆಯ ಕಪಾಟುಗಳೆಲ್ಲ ಬಾಯಿ ತೆರೆದುಕೊಂಡಿರುವುದು ಅವನ ಬೆನ್ನ ಹಿಂದೆ ಕಾಣುತ್ತಿತ್ತು.

"ಟೀಪುಡಿ ಸಿಕ್ತು ಕಣೇ!" ಎಂದ, ಹೊಸ ಗ್ರಹ ಕಂಡುಹಿಡಿದವನ ದನಿಯಲ್ಲಿ. "ಮುಕ್ಕಾಲು ಗಂಟೆ ಹುಡುಕಿದೆ. ಎಲ್ಲಿತ್ತು ಹೇಳು ನೋಡೋಣ?"

ಒಲೆಯ ಬಲಕ್ಕೆ, ಉಪ್ಪಿನ ಡಬ್ಬಿಯ ಪಕ್ಕದಲ್ಲಿ. ಸೂಜಿಯಕ್ಕ ಕ್ಯಾಮೆರಾದ ಗುಂಡಿ ಒತ್ತಿ, ಕೆಂಪು ದೀಪ ಆರಿದ್ದನ್ನು ಬಗ್ಗಿ ನೋಡಿ ಖಚಿತ ಮಾಡಿಕೊಂಡಳು. ಆಮೇಲೆ, ಹೆಲ್ಮೆಟ್ಟು ತೆಗೆಯುವ ಮುಂಚೆ, ಒಳಗೇ ಒಂದು ಮಾತು ಹೇಳಿದಳು. ಆ ಮಾತು ಯಾವ ಪಟ್ಟಿಯಲ್ಲೂ ಇಲ್ಲ.